ಸಂದಿಗಾಳಿಗೆ ಹೆದರಿದ ಅಗ್ಲಾಯಾ

ಬ್ರಾಯ್ಲಾ ಊರಿನ ಅಗ್ಲಾಯಾಳಿಗೆ ಕಳ್ಳರ ಭಯವಿರಲಿಲ್ಲ, ಭೂಕಂಪದ ಭಯವಿರಲಿಲ್ಲ, ಗಂಡ ಒಕ್ತಾವ್‌ನ ಭಯವಂತೂ ಮೊದಲೇ ಇರಲಿಲ್ಲ. ಇದ್ದದ್ದು ಒಂದೇ ಭಯ: ಸಂದಿಗಾಳಿ. ಬಾಗಿಲಿಗೂ ಕಿಟಕಿಗೂ ನಡುವೆ ನುಗ್ಗುವ ಆ ಗಾಳಿ ಕಿವಿಗೆ ಬಡಿದರೆ ಕಿವುಡು, ಸೊಂಟಕ್ಕೆ ಬಡಿದರೆ ಬಂಜೆತನ ಎಂಬುದು ಊರಿಗೆಲ್ಲ ತಿಳಿದ ಸಂಗತಿ. ಅಗ್ಲಾಯಾ ಅದರಲ್ಲಿ ಪಂಡಿತೆ. ಅವಳ ಅಪ್ಪ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ ಸೊಟ್ಟಬಾಯಿಯೊಂದಿಗೆ ಇಳಿದಿದ್ದ. ಆ ಬಾಯಿಯನ್ನು ಅವಳು ಬಾಲ್ಯವಿಡೀ ಊಟದ ಮೇಜಿನಾಚೆ ನೋಡಿದ್ದಳು. ಹಾಗಾಗಿ ಟ್ರಾಮಿನಲ್ಲಿ ಯಾರು ಕಿಟಕಿ ತೆರೆದರೂ ಎದ್ದು ಹೋಗಿ ಮುಚ್ಚುತ್ತಿದ್ದಳು. ತನ್ನ ಟ್ರಾಮಿನಲ್ಲಿ ಅಧಿಕಾರ ಚಲಾಯಿಸುವವಳು ಯಾರೆಂದು ತಿರುಗಿ ನೋಡಿದ ಚಾಲಕ ಒಕ್ತಾವ್ ಅಲ್ಲೇ ಸಿಕ್ಕಿಬಿದ್ದು ಗಂಡನಾದ.

ಪ್ರತಿ ಚಳಿಗಾಲಕ್ಕೂ ಮುಂಚೆ ಅವಳು ಕಿಟಕಿಯ ಸಂದುಗಳಿಗೆ ಹತ್ತಿ ತುರುಕಿ, ಮೇಲೆ ಕಾಗದದ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಮೆತ್ತುತ್ತಿದ್ದಳು. ಅಡಿಗೆಮನೆಯ ಗೋಡೆಯಲ್ಲಿ, ಗ್ಯಾಸ್ ಒಲೆಯ ಮೇಲೆ, ಜಾಲರಿ ಹಾಕಿದ ಗಾಳಿಕಿಂಡಿಯೊಂದಿತ್ತು. ಅದಕ್ಕೆ ರಟ್ಟು ಬಡಿದು, ರಟ್ಟು ಕಾಣದಂತೆ ಸಂತ ಪರಸ್ಕೇವಾಳ ಪಟ ತೂಗುಹಾಕಿದ್ದಳು.

ಗ್ಯಾಸ್ ತಪಾಸಣೆಗೆ ಬಂದವನು ಪಟ ಇಳಿಸಿ, ರಟ್ಟು ಕಿತ್ತು, ಜಾಲರಿಗೆ ಕಾಗದದ ಚೂರೊಂದನ್ನು ಹಿಡಿದ. ಅದು ಪಟ್ಟನೆ ಅಂಟಿಕೊಂಡಿತು.

"ನೋಡಿ ಅಕ್ಕ, ಹೀಗೆ ಎಳೀತಿರ್ಬೇಕು. ಮುಚ್ಚಿದ್ರೆ ಉರಿಯಿಂದ ಬರೋ ವಿಷದ ಗಾಳಿ ಒಳಗೇ ನಿಲ್ಲುತ್ತೆ."

"ಗ್ಯಾಸ್ ಸೋರಿದ್ರೆ ನಂಗೆ ವಾಸ್ನೆ ಬರಲ್ವೇನಪ್ಪ? ಮೂರನೇ ಮಹಡಿಯವ್ರ ಒಗ್ಗರಣೆಗೆ ಉಪ್ಪು ಕಮ್ಮಿ ಅಂತ ಇಲ್ಲಿಂದ್ಲೇ ಹೇಳ್ತೀನಿ."

"ಇದಕ್ಕೆ ವಾಸ್ನೆ ಇಲ್ಲ ಅಕ್ಕ."

"ವಾಸ್ನೆ ಇಲ್ದಿದ್ರೆ ಇನ್ನೇನು ತೊಂದ್ರೆ?" ಎಂದಳು ಅಗ್ಲಾಯಾ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಪರಸ್ಕೇವಾ ರಟ್ಟಿನ ಸಮೇತ ಮರಳಿ ಸ್ವಸ್ಥಾನದಲ್ಲಿದ್ದಳು.

ಜನವರಿಯ ಒಂದು ಭಾನುವಾರ ಈಶಾನ್ಯದ ಕ್ರಿವಾತ್ಸ್ ಗಾಳಿ ಕಟ್ಟಡವನ್ನೇ ಅಲ್ಲಾಡಿಸುತ್ತಿತ್ತು. ಮನೆ ಬೆಚ್ಚಗಿಡಬೇಕಾದ ಬಿಸಿನೀರಿನ ಕೊಳವೆಗಳು ಸತ್ತ ಮೀನಿನಂತೆ ತಣ್ಣಗಿದ್ದವು. ಎಲ್ಲರಂತೆ ಅಗ್ಲಾಯಾಳೂ ಗ್ಯಾಸ್ ಒಲೆಯ ಒಂದು ಉರಿಯ ಮೇಲೆ ಇಟ್ಟಿಗೆಯಿಟ್ಟು ಕೋಣೆ ಕಾಯಿಸುತ್ತಿದ್ದಳು. ಪಕ್ಕದ ಉರಿಯಲ್ಲಿ, ಎಲೆಕೋಸಿನ ಎಲೆಯಲ್ಲಿ ಸುತ್ತಿದ ಮಾಂಸದ ಸರ್ಮಾಲೆ ಬೆಳಗಿನಿಂದ ಕುದಿಯುತ್ತಿತ್ತು. ಒಕ್ತಾವ್ ಅಡಿಗೆಮನೆಯ ಗೋಡೆಬದಿಯ ಬೆಂಚಿನ ಮೇಲೆ ಒರಗಿದ್ದ.

"ತಲೆ ಸಿಡೀತಿದೆ ಕಣೇ," ಎಂದ.

"ನಂಗೂ. ಎಲ್ಲಿಂದ್ಲೋ ಗಾಳಿ ಬರ್ತಿದೆ."

"ಇಲ್ಲಿ ಗಾಳಿ ಬರ್ಬೇಕಾದ್ರೆ ಪೊಲೀಸ್ ಪರ್ಮಿಷನ್ ಬೇಕು, ಮಾರಾಯ್ತಿ."

ಅವಳು ಕಿಟಕಿಯಂಚಿಗೆಲ್ಲ ಅಂಗೈ ಹಿಡಿದು ಹುಡುಕಿದಳು. ಕೊನೆಗೆ ಅಪರಾಧಿ ಬಾಗಿಲಡಿಯ ಸಂದೆಂದು ತೀರ್ಮಾನಿಸಿ, ತನ್ನ ಉಣ್ಣೆಯ ಶಾಲನ್ನು ಅಲ್ಲಿಗೆ ಬಿಗಿಯಾಗಿ ತುರುಕಿದಳು. ಬಾಗಿ ಏಳುವಾಗ ಕಣ್ಣು ಕತ್ತಲಿಟ್ಟಿತು. ಇಟ್ಟಿಗೆಯ ಕೆಳಗೆ ನೀಲಿ ಇರಬೇಕಾದ ಉರಿ ಹಳದಿಯಾಗಿ ನಾಲಗೆ ಚಾಚುತ್ತಿತ್ತು. ಪಾತ್ರೆಯ ತಳಕ್ಕೆ ಮಸಿ ಹಿಡಿದಿತ್ತು. ಇದನ್ನು ತಿಕ್ಕುವವರು ಯಾರು ಎಂದಷ್ಟೇ ಅವಳಿಗೆ ಹೊಳೆಯಿತು.

"ಒಕ್ತಾವ್, ಉಪ್ಪು ನೋಡು ಬಾ."

ಅವನು ಅಲ್ಲಾಡಲಿಲ್ಲ. ಕೆನ್ನೆಗಳು ಮದುಮಗನ ಕೆನ್ನೆಯಂತೆ ಕೆಂಪಾಗಿದ್ದವು.

"ಆಟ ಸಾಕು. ಏಳು."

ಕೈ ಎತ್ತಿ ಬಿಟ್ಟಳು. ಅದು ಬೆಂಚಿನಿಂದ ಕೆಳಗೆ ಜೋತುಬಿತ್ತು.  ವಾಸನೆ ಇಲ್ಲ ಎಂದಿದ್ದನಲ್ಲ ಆ ಗ್ಯಾಸಿನವನು. ಪರಸ್ಕೇವಾ ಒಲೆಯ ಮೇಲಿನಿಂದ ಸುಮ್ಮನೆ ನೋಡುತ್ತಿದ್ದಳು.

ಅಗ್ಲಾಯಾ ಒಲೆಯ ಗುಂಡಿಗಳನ್ನು ತಿರುವಿ ಆರಿಸಿದಳು. ಕಿಟಕಿ ಎಳೆದಳು, ಬರಲಿಲ್ಲ. ವರ್ಷ ವರ್ಷದ ಕಾಗದ, ವರ್ಷ ವರ್ಷದ ಅಂಟು. ಊರಲ್ಲೇ ಅಷ್ಟು ಚೆನ್ನಾಗಿ ಮೆತ್ತುವವರಿಲ್ಲ ಎಂದು ಹೆಮ್ಮೆಪಡುತ್ತಿದ್ದ ಕೆಲಸ.  ಲಟ್ಟಣಿಗೆ ತೆಗೆದುಕೊಂಡು ಬೀಸಿದಳು, ಒಳಗಾಜು ಒಡೆಯಿತು. ಅದರಾಚೆ ಚಳಿಗೆಂದು ಹಾಕಿದ ಇನ್ನೊಂದು ಗಾಜು. ಕೈ ಮೇಲೇಳಲಿಲ್ಲ. ಇನ್ನು ಕೂತುಬಿಡೋಣ, ಒಂದೇ ಗಳಿಗೆ, ಎಂದು ಮೈ ಮುದ್ದಾಗಿ ಬೇಡಿಕೊಂಡಿತು. ಆ ಮುದ್ದಿಗೇ ಅವಳು ಹೆಚ್ಚು ಹೆದರಿದಳು. ಎರಡೂ ಕೈಯಲ್ಲಿ ಹಿಡಿದು ಮತ್ತೆ ಬೀಸಿದಳು.

ಕ್ರಿವಾತ್ಸ್ ಊಳಿಡುತ್ತ ಒಳನುಗ್ಗಿತು. ತೆವಳಿಕೊಂಡು ಬಾಗಿಲಿಗೆ ಹೋದರೆ, ಅಡಿಯಲ್ಲಿ ತನ್ನದೇ ಶಾಲು. ಹಲ್ಲು ಕಚ್ಚಿ ಎಳೆದು ತೆಗೆದಳು. ಹೊರಬಾಗಿಲನ್ನೂ ತೆರೆದು, ಪಕ್ಕದ ಮನೆಯವಳನ್ನು ಕೂಗಿದಳು. "ಫಿಲೋಫ್ತೇಯಾ, ನನ್ನ ಗಂಡ ಹೋಗ್ತಿದಾನೆ, ಬಾರೇ."

ಇಬ್ಬರೂ ಅವನನ್ನು ಮೆಟ್ಟಿಲೆದುರಿನ ಹೊಸ್ತಿಲಿಗೆ ಎಳೆದು ತಂದರು. ಫಿಲೋಫ್ತೇಯಾ ಆಂಬುಲೆನ್ಸಿಗೆ ಫೋನು ಮಾಡಿದಳು. ಅಗ್ಲಾಯಾ ಜನ್ಮವಿಡೀ ಯಾವುದರಿಂದ ಓಡಿದ್ದಳೋ ಅದರ ಹಾದಿಯಲ್ಲೇ, ಬಾಗಿಲಿಗೂ ಕಿಟಕಿಗೂ ನಡುವೆ, ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಳಿ ಕುತ್ತಿಗೆ ಕೊರೆಯುತ್ತಿತ್ತು. ಇನ್ನೂ ಬೀಸು, ಇನ್ನೂ ಬೀಸು ಎಂದು ಗೊಣಗುತ್ತಿದ್ದಳು.

ಒಕ್ತಾವ್ ಬಹಳ ಹೊತ್ತಿನ ಮೇಲೆ ವಾಂತಿ ಮಾಡಿಕೊಂಡು, ಅರೆಗಣ್ಣು ತೆರೆದ.

"ಯಾವನೇ ಕಿಟಕಿ ತೆಗ್ದವನು? ಬಾಯಿ ಸೊಟ್ಟ ಆಗುತ್ತೆ."

"ಆಗ್ಲಿ," ಎಂದಳು ಅಗ್ಲಾಯಾ. "ಸೊಟ್ಟಬಾಯಿ ನಂಗೆ ಅಭ್ಯಾಸ ಇದೆ."

ಆಸ್ಪತ್ರೆಯಿಂದ ಬಂದ ಮೇಲೆ ರಟ್ಟು ಕಸಕ್ಕೆ ಹೋಗಿ, ಪರಸ್ಕೇವಾ ಎದುರು ಗೋಡೆಗೆ ವರ್ಗವಾದಳು. ಇಟ್ಟಿಗೆ ಈಗ ಕಿಟಕಿ ಮುಚ್ಚದಂತೆ ತಡೆಯುವ ಕೆಲಸದಲ್ಲಿದೆ. ಭಯ ಮಾತ್ರ ಮನೆ ಬಿಟ್ಟಿಲ್ಲ. ಕಿವಿಗೆ ಮಫ್ಲರ್ ಸುತ್ತಿಕೊಂಡೇ ಅಗ್ಲಾಯಾ ಅಡಿಗೆಗೆ ನಿಲ್ಲುತ್ತಾಳೆ. ಮೊದಲು ಜಾಲರಿಗೆ ಕಾಗದದ ಪಟ್ಟಿ ಹಿಡಿಯುತ್ತಾಳೆ. ಅದು ಅಂಟಿಕೊಳ್ಳದಿದ್ದರೆ ಒಲೆ ಹಚ್ಚುವುದಿಲ್ಲ. ಅಂದು ಒಕ್ತಾವ್‌ಗೆ ಬರೀ ಬ್ರೆಡ್ಡು, ಉಪ್ಪಿನ ಚೀಸು.