ಎರಡು ಹೊತ್ತಿನ ಹಾಲು, ಒಂದು ಹನಿ ರಕ್ತ

ಹಸು ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಮಾರುವವನು ಹೇಳಿದ ಹೊತ್ತಿಗೆ ಹಾಲು ಕರೆಸಿ ನೋಡಬೇಡಿ. ಹಿಂದಿನ ಸಂಜೆ ಕರೆಯದೆ ಬಿಟ್ಟು, ಬೆಳಿಗ್ಗೆ ಕೆಚ್ಚಲು ಬಿಗಿದ ಹಸುವನ್ನು ಎದುರಿಗೆ ನಿಲ್ಲಿಸುತ್ತಾರೆ. ಕರೆದರೆ ತಂಬಿಗೆ ಮೇಲೆ ತಂಬಿಗೆ. ಅಲ್ಲೇ ಉಳಿದು ಎರಡು ಹೊತ್ತಿನ ಹಾಲು ನೋಡಿ, ಆಮೇಲೆ ಟವೆಲ್ಲಿನ ಅಡಿಗೆ ಕೈ ಹಾಕಿ ಬೆರಳು ಹಿಡಿದು ಬೆಲೆ ಕುದುರಿಸಿ. ಕಿಕ್ಕೇರಿ ಹತ್ತಿರದ ನಮ್ಮೂರಿನಿಂದ ಒಂದೇ ಒಂದು ಕರು ಹಿಡಿದುಕೊಂಡು ಹೊರಟವನು ನಾನು. ಪಾಂಡವಪುರ, ನಾಗಮಂಗಲದ ಸಂತೆಗಳಲ್ಲಿ ದನದ ವ್ಯಾಪಾರ ಮಾಡಿ ಹೆಂಚಿನ ಮನೆ ಕಟ್ಟಿದ್ದು ಇಂಥ ಅನುಮಾನದ ಬಲದಿಂದಲೇ. ಅದನ್ನು ಹೆಂಡತಿಯ ಮೇಲೂ ಪ್ರಯೋಗಿಸಬೇಕಾಗಿ ಬರುತ್ತದೆ ಎಂದುಕೊಂಡಿರಲಿಲ್ಲ.

ಅವಳು ನನ್ನ ಅಕ್ಕನ ಮಗಳು. ಮದುವೆಯಾದ ಮೇಲೂ ಮಾವ ಎಂದೇ ಕರೆಯುವುದು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಗುಂಡಿಗೆಯ ಒಂದು ಕವಾಟವನ್ನು ಕೆಡಿಸಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಆಪರೇಷನ್ ಮಾಡಿ ಲೋಹದ ವಾಲ್ವು ಹಾಕಿದರು. ಪಕ್ಕದಲ್ಲಿ ಕೂತರೆ ಕೈಗಡಿಯಾರದಂತೆ ಅದರ ಸದ್ದು ಕೇಳುತ್ತಿತ್ತು. ಅದಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳದಿರಲೆಂದು ದಿನಕ್ಕೊಂದು ವಾರ್ಫರಿನ್ ಮಾತ್ರೆ, ಬದುಕಿರುವವರೆಗೂ. ಮಾತ್ರೆ ಹೆಚ್ಚಾದರೆ ರಕ್ತ ನಿಲ್ಲುವುದಿಲ್ಲ. ಕಡಿಮೆಯಾದರೆ ವಾಲ್ವು ಕಚ್ಚಿಕೊಂಡು ಕೂತಲ್ಲೇ ಪ್ರಾಣ ಹೋಗಬಹುದು. ಹದ ತಿಳಿಯಲು ರಕ್ತ ಕೊಟ್ಟು ಒಂದು ನಂಬರು ತರಬೇಕು. ಅವಳಿಗೆ ಅದು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು, ಮಾತ್ರೆ ತಿನ್ನದ ಮನುಷ್ಯನಿಗೆ ಒಂದು ಬರುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿಕೊಟ್ಟಿದ್ದರು.

ಆ ನಂಬರಿಗಾಗಿ ತಿಂಗಳಿಗೊಮ್ಮೆ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಹೋಗಬೇಕಿತ್ತು. ಬಸ್ಸಿನಲ್ಲೇ ದಿನ ಮುಗಿಯುತ್ತಿತ್ತು. ನಂಬರು ಯಾವಾಗ ನೋಡಿದರೂ ಮೂರರ ಆಸುಪಾಸು. ಡಾಕ್ಟರಿಗೆ ಸಂತೋಷ. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಯಾವ ದಿನ ಹೋಗುವುದೆಂದು ಗೊತ್ತು ಮಾಡುತ್ತಿದ್ದವಳು ಅವಳೇ. "ಈ ವಾರ ಬ್ಯಾಡ ಮಾವ, ಹಸ ಈಯಂಗದೆ." ಮುಂದಿನ ತಿಂಗಳು, "ನಾಟಿ ಮುಗೀಲಿ ತಡಿ." ಅದರ ಮುಂದಿನ ತಿಂಗಳು ತೌರಿನಿಂದ ಯಾರೋ ಬರುವವರಿದ್ದರು, ಬರಲಿಲ್ಲ.

ದಶಕದ ಕೊನೆಯಲ್ಲಿ, ಮನೆಯಲ್ಲೇ ಈ ನಂಬರು ನೋಡುವ ಪುಟ್ಟ ಮಿಷನ್ನೊಂದನ್ನು ಡಾಕ್ಟರ ಸ್ನೇಹಿತರು ಹೊರದೇಶದಿಂದ ತಂದಿದ್ದರು. ದೂರದಿಂದ ಬರುವವರೆಂದು ನಮಗೆ ಬಳಸಿ ನೋಡಲು ಕೊಟ್ಟರು. ಬೆರಳು ಚುಚ್ಚಿ ಒಂದು ಹನಿಯನ್ನು ಕಾಗದದಂಥ ಪಟ್ಟಿಗೆ ಮುಟ್ಟಿಸಿದರೆ ಸ್ವಲ್ಪ ಹೊತ್ತಿಗೆ ಅಂಕಿ ಮೂಡುತ್ತದಂತೆ. ಫುಟ್‌ಪಾತಿನಲ್ಲಿ ಮಾರುವ ವಾಚಿನ ಹಾಗಿತ್ತು. ಅಷ್ಟು ಸುಲಭಕ್ಕೆ ನಾನು ಒಪ್ಪುತ್ತೇನೆಯೇ. ಅವತ್ತೇ, ಅದೇ ಗಳಿಗೆಯಲ್ಲಿ ಲ್ಯಾಬಿಗೂ ರಕ್ತ ಕೊಡಿಸಿದೆ. ಲ್ಯಾಬಿನದು ಮೂರು, ಮಿಷನ್ನಿನದು ಎರಡು ಪಾಯಿಂಟ್ ಒಂಬತ್ತು. ಸರಿ, ಹಲ್ಲು ನೋಡಿದ್ದಾಯಿತು ಎಂದುಕೊಂಡು ಮನೆಗೆ ತಂದೆ.

ಮಿಷನ್ ಮನೆಗೆ ಬಂದರೂ ಅವಳ ನೆಪ ನಿಲ್ಲಲಿಲ್ಲ. "ಸೋಮ್ವಾರ ನೋಡಾನ." ಸೋಮವಾರ ಬಂದರೆ, "ಇನ್ನೊಂದ್ವಾರ ಓಗ್ಲಿ." ಬಸ್ಸಿಲ್ಲ, ದೂರವಿಲ್ಲ, ಗೂಡಿನಿಂದ ತೆಗೆದರೆ ಆಯಿತು, ಆದರೂ ಹೊತ್ತು ಗೊತ್ತು ಮಾಡುವವಳು ಅವಳೇ. ಕೆಚ್ಚಲು ಕಟ್ಟಿದ ಹಸು ನೆನಪಾಯಿತು.

ನಾಗಮಂಗಲದ ಸಂತೆಯಿಂದ ಒಂದು ಮಧ್ಯಾಹ್ನ ಬೇಗ ಬಂದವನು ಕೈಕಾಲು ತೊಳೆದು ನೇರ ಮಿಷನ್ ಇಳಿಸಿದೆ.

"ಇವತ್ತು ಬ್ಯಾಡ ಕಣ್ ಮಾವ."

"ಇವತ್ತೇ. ತತ್ತಾ ಬೆರಳ."

"ಡೈರಿಯೋನು ಆಲ್ಗೆ ಲ್ಯಾಕ್ಟೋಮೀಟ್ರು ಬುಟ್ಟಂಗೆ ನನ್ ರಕ್ತಕ್ಕೆ ಬುಡ್ತಾ ಇದ್ದೀಯ."

"ನೀರು ಸೇರ್ಸಿಲ್ಲ ಅಂದ್ಮೇಲೆ ಭಯ ಯಾಕಮ್ಮಿ?"

ಬೆರಳು ಕೊಟ್ಟಳು, ಮುಖ ಕೊಡಲಿಲ್ಲ. ಒಂದು ಪಾಯಿಂಟ್ ಮೂರು ಎಂದು ಬಂತು.

ಮೊದಲು ಮಿಷನ್ನಿನ ಮೇಲೆ ಅನುಮಾನ. ಇನ್ನೊಂದು ಪಟ್ಟಿ ಹಾಕಿ, ಹೊಸ ಸೂಜಿಯಿಂದ ನನ್ನ ಬೆರಳು ಚುಚ್ಚಿಕೊಂಡೆ. ಒಂದು ಬಂತು. ಅಂದರೆ ಮಿಷನ್ ಸರಿಯಾಗಿಯೇ ಇದೆ. ದಿನಾ ಮಾತ್ರೆ ತಿನ್ನುವ ಅವಳಿಗೂ, ಒಂದೂ ತಿನ್ನದ ನನಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ಸೊಪ್ಪು ಹೆಚ್ಚು ತಿಂದರೆ ನಂಬರು ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೊಪ್ಪಿನ ಬಸ್ಸಾರು ಹೆಚ್ಚಾಯಿತೇ ಎಂದರೆ, ಸೊಪ್ಪು ಮಾಡಿ ವಾರವೇ ಆಗಿತ್ತು. ಹಾಗಾದರೆ ಮಾತ್ರೆಯೇ ನಕಲಿಯೇ? ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದೆ. ನಾವು ಯಾವಾಗಲೂ ಮಾತ್ರೆ ಕೊಳ್ಳುತ್ತಿದ್ದದ್ದು ಅಲ್ಲಿಯ ಮೆಡಿಕಲ್ ಸ್ಟೋರಿನಲ್ಲಿ. ಅಂಗಡಿಯವನ ಮುಂದೆ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

"ದನಕ್ಕಾದ್ರೆ ಅಲ್ಲು ನೋಡ್ತೀರ," ಅಂದ ಅವನು. "ಮಾತ್ರೆಗೆ ಏನ್ ನೋಡೀರಿ ಯಜಮಾನ್ರೆ?"

"ಬಾಲ ಎತ್ತಿ ನೋಡ್ತೀನಿ, ನಿಂಗ್ಯಾಕೆ?" ಅಂದೆ. ಮಾತು ಮುಗಿಯುವ ಮೊದಲೇ ತಲೆಗೆ ಹೊಳೆಯಿತು. ಇದೇ ಅಂಗಡಿಯ ಇದೇ ಮಾತ್ರೆ ತಿಂದು ಮೈಸೂರಿನಲ್ಲಿ ಮೂರು ಬರುತ್ತದೆ. ಮಾತ್ರೆ ಸುಳ್ಳಾಗಿದ್ದರೆ ಯಾವಾಗಲೂ ಸುಳ್ಳಾಗಬೇಕಿತ್ತು.

ಮನೆಗೆ ಬಂದಾಗ ಅವಳು ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು.

"ಬೈಯಕ್ಕಿಲ್ಲ. ಎಷ್ಟ್ ದಿನದಿಂದ ಮಾತ್ರೆ ಬುಟ್ಟಿದ್ದೀಯ, ಏಳ್ಬುಡು."

ಅವಳು ಒಳಗೆ ಹೋದಳು. ಹಳೆಯ ಪೌಡರ್ ಡಬ್ಬಿ ತಂದು ನನ್ನ ಅಂಗೈ ಮೇಲೆ ಬಗ್ಗಿಸಿದಳು. ಹಾಳೆಯಿಂದ ಬಿಡಿಸಿದ ಮಾತ್ರೆಗಳು, ಒಂದು ಹಿಡಿ.

"ಎಸ್ಯಕ್ಕೆ ಮನ್ಸ್ ಬರ್ನಿಲ್ಲ," ಅಂದಳು. ಮತ್ತೆ ಎಮ್ಮೆಯ ಕಡೆ ತಿರುಗಿಕೊಂಡು, ಎಮ್ಮೆಗೇ ಹೇಳುವ ಹಾಗೆ ಹೇಳಿದಳು: "ಮುಟ್ಟಾದ್ರೆ ನಿಲ್ಲದೇ ಇಲ್ಲ ಮಾವ. ಅತ್ತತ್ತು ದಿನ. ಬಸ್ಸಲ್ಲಿ ಸೀಟ್ ಬುಟ್ಟು ಏಳಕ್ಕೂ ಎದರ್ಕೆ. ಮಾತ್ರೆ ಬುಟ್ರೆ ನಾಕ್ ದಿನಕ್ಕೆ ನಿಲ್ತದೆ. ಆ ಗಂಡ್ ಡಾಕ್ಟ್ರ ಮುಂದೆ ಏನಂತ ಏಳ್ಲಿ?"

ಆಮೇಲೆ ಮತ್ತೆ ಮಾತ್ರೆ ಹಿಡಿಯುವುದು, ಹದಿನೈದು ದಿನ ತಿಂದು, ನಂಬರು ಏರಿದ ಮೇಲೆ ಮೈಸೂರಿಗೆ ಹೊರಡುವುದು. ಡಾಕ್ಟರನ್ನೂ ನನ್ನನ್ನೂ ಹೀಗೆ ನಡೆಸಿಕೊಂಡು ಬಂದಿದ್ದಳು.

"ನಂಗಾರ ಏಳ್ಬೋದಿತ್ತಲ್ಲ," ಅಂದೆ.

"ದನದ ಒಟ್ಟೆನೋವ ಕಣ್ಣಲ್ ನೋಡೇ ಏಳ್ತೀಯ. ನನ್ ನೋಡಕ್ಕೆ ನಿಂಗೆ ಮಿಷನ್ನೇ ಬೇಕಾಯ್ತು."

ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅವತ್ತೇ ಮೈಸೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವಳ ಎದೆಯ ಸದ್ದಿನ ಮೇಲೆ ನನ್ನ ಕಿವಿ. ಬಸ್ಸಿನ ಗದ್ದಲದಲ್ಲಿ ಕೇಳದಿದ್ದಾಗಲೆಲ್ಲ ಅವಳ ಮುಖ ನೋಡುತ್ತಿದ್ದೆ. ಡಾಕ್ಟರಿಗೆ ನಾನೇ ಹೇಳಿದೆ, ಸಂತೆಯಲ್ಲಿ ಹೇಳುವ ಹಾಗೆ, ಮುಚ್ಚುಮರೆಯಿಲ್ಲದೆ. ಅವಳು ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತಿದ್ದಳು. ಡಾಕ್ಟರು ಬೈಯಲಿಲ್ಲ. "ನಾನೇ ಕೇಳಬೇಕಾಗಿತ್ತು," ಅಂದರು. ಸ್ಕ್ಯಾನಿನಲ್ಲಿ ವಾಲ್ವು ಚೊಕ್ಕವಾಗಿತ್ತು, ಅದು ನಮ್ಮ ಪುಣ್ಯ. ನಂಬರು ಏರುವ ತನಕ ಇಂಜೆಕ್ಷನ್ ಕೊಟ್ಟು ಅಲ್ಲೇ ಇರಿಸಿಕೊಂಡರು. ರಕ್ತಸ್ರಾವಕ್ಕೆ ಲೇಡಿ ಡಾಕ್ಟರು ಬೇರೆ ಔಷಧಿ ಬರೆದರು. ಆ ಕೋಣೆಯೊಳಗೆ ನನ್ನನ್ನು ಬಿಡಲಿಲ್ಲ; ಹೊರಗೆ ಬಂದ ಅವಳು ಮಾತ್ರ ಎಷ್ಟೋ ದಿನಗಳ ಮೇಲೆ ಹಗುರವಾಗಿ ನಡೆಯುತ್ತಿದ್ದಳು.

ಇಂಥ ಮಾತ್ರೆ ತಿನ್ನುವವರು ನಿಮ್ಮ ಮನೆಯಲ್ಲಿದ್ದರೆ ಒಂದು ಮಾತು. ಚೆನ್ನಾಗಿರುವ ದಿನ ನೋಡಿಕೊಂಡು ರಕ್ತ ಕೊಡಬೇಡಿ. ನೀವಾಗಿ ಮಾತ್ರೆ ಬಿಡಬೇಡಿ, ನೀವಾಗಿ ಏರಿಸಲೂ ಬೇಡಿ. ನಂಬರು ತಪ್ಪಿದರೆ ಮಿಷನ್ನನ್ನೂ ಅಂಗಡಿಯವನನ್ನೂ ಹಿಡಿಯುವ ಮೊದಲು ಎದುರಿಗಿರುವವರನ್ನು ಕೇಳಿ. ಬೈಯುವ ದನಿಯಲ್ಲಿ ಕೇಳಬೇಡಿ.

ಮುಂದಿನ ತಿಂಗಳು ನಾನು ಪಾಂಡವಪುರದ ಸಂತೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅವಳೇ ಮಿಷನ್ ಹಿಡಿದು ಬಾಗಿಲಿಗೆ ಬಂದಳು.

"ನಿನ್ನೆ ಮುಟ್ಟಾಗಿವ್ನಿ. ಇವತ್ತು ನೋಡು ಮಾವ."

ಹಸುವಿನ ಮೈಗೂದಲಿನ ಕೆಟ್ಟ ಸುಳಿಯನ್ನು ತಾನೇ ಮುಟ್ಟಿ ತೋರಿಸಿ ಮಾರಿದವನನ್ನು ನನ್ನ ವ್ಯಾಪಾರದಲ್ಲಿ ನಾನು ಕಂಡಿಲ್ಲ. ಬೆರಳು ಹಿಡಿದೆ. ಎರಡು ಪಾಯಿಂಟ್ ನಾಲ್ಕು.

"ವಸಿ ಕಮ್ಮಿ ಅದೆ," ಅಂದಳು. "ಮಾತ್ರೆ ಬುಟ್ಟಿಲ್ಲ. ಬೇಕಾದ್ರೆ ಎಣ್ಸ್ಕೊ."

ಎಣಿಸಿದೆ. ಎಣಿಸದಿದ್ದರೆ ನಾನು ನಾನಾಗಿರುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಮಾತ್ರೆ ಸರಿಯಾಗಿದ್ದವು. ಪೌಡರ್ ಡಬ್ಬಿಯನ್ನೂ ಅಲ್ಲಾಡಿಸಿ ನೋಡಿ, ಸಂತೆ ಬಿಟ್ಟು, ಡಾಕ್ಟರಿಗೆ ನಂಬರು ಹೇಳಲು ಕಿಕ್ಕೇರಿಯ ಎಸ್‌ಟಿಡಿ ಬೂತಿಗೆ ಹೊರಟೆ.