ಖಾಲಮ್ಮ ಮತ್ತು ಕೋಳಿ ದೀಪ

ಮೊನ್ನೆ ಶಾಲೆಯಿಂದ ಬಂದು ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಕೀಲಿ ತೆಗೆದೆ. ಎಂಜಿನ್ ಬಂದಾದರೂ ಒಳಗಿನ ಫ್ಯಾನ್ ಮಾತ್ರ ಗರ್ರನೆ ತಿರುಗುತ್ತಲೇ ಇತ್ತು. ಗಾಡಿಯ ಹೊಟ್ಟೆಯ ಕೆಳಗಿನಿಂದ ಬಿಸಿ ಕಬ್ಬಿಣದ ವಾಸನೆ ಬಂತು. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ಇಟ್ಟರೆ ಬರುತ್ತದಲ್ಲ, ಅಂಥದ್ದು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಟೀಚರ್, ಏನೋ ಸುಡಾಕತ್ತದ ನೋಡ್ರಿ" ಎಂದರು.

ಸುಡುತ್ತಿದ್ದದ್ದು ಮಸಿ. ಅದು ಸುಡಲೇಬೇಕು, ಸುಟ್ಟಷ್ಟೂ ಒಳ್ಳೆಯದು. ನಗುತ್ತಾ ಹಾಗೆಂದು ಹೇಳಿ ಒಳಗೆ ಬಂದೆ. ಬಂದವಳಿಗೆ ಚಹಾ ಮಾಡಿಕೊಳ್ಳಲೂ ಮನಸ್ಸಾಗದೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಈ ವಾಸನೆಗೆ ಹೆದರಬಾರದೆಂದು ಕಲಿಸಿದವರು ಖಾಲಮ್ಮ...

ರಾಯಚೂರಿನ ನಮ್ಮ ಓಣಿಯ ತಿರುವಿನಲ್ಲಿ ಅವರದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು. ಅವರ ಗಂಡ ಡೀಸೆಲ್ ಪಂಪ್ ಬಿಚ್ಚಿ ಜೋಡಿಸುವುದರಲ್ಲಿ ಹೆಸರಾದ ಮಿಸ್ತ್ರಿ. ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತದೆ ಎಂದೇ ಎಲ್ಲರೂ ತಿಳಿದಿದ್ದರಂತೆ. ನಾಲ್ಕು ತಿಂಗಳು ಕಳೆದು ಖಾಲಮ್ಮ ತಾವೇ ಬಂದು ಗಲ್ಲಾದ ಹಿಂದೆ ಕುಳಿತರು. ಸಾಮಾನಿನ ಡಬ್ಬಿಗಳ ಮೇಲಿನ ಹೆಸರು ನೋಡಿ ನೋಡಿಯೇ ಇಂಗ್ಲಿಷ್ ಅಕ್ಷರ ಕಲಿತರು. ಆಮೇಲೆ ಗಾಡಿಯ ಕಂಪ್ಯೂಟರನ್ನು ಓದುವ ಒಂದು ಸ್ಕ್ಯಾನರ್ ತರಿಸಿದರು. ಅದಕ್ಕೆ ಧೂಳು ಕೂರಬಾರದೆಂದು ಮೊಮ್ಮಗಳ ಹಳೆಯ ಉಣ್ಣೆ ಟೋಪಿಯನ್ನು ತೊಡಿಸಿ ಇಟ್ಟಿರುತ್ತಿದ್ದರು. ಕೆಂಪು ಟೋಪಿ, ತುದಿಗೊಂದು ಗೊಂಡೆ. ಖಾಲಾ ಎಂದರೆ ಉರ್ದುವಿನಲ್ಲಿ ತಾಯಿಯ ಅಕ್ಕ ಅಥವಾ ತಂಗಿ; ಓಣಿಯ ಹಿಂದೂ ಮುಸ್ಲಿಂ ಎಲ್ಲರಿಗೂ ಅವರು ಖಾಲಮ್ಮನೇ. ಮಠದ ಬಳಿ ಮನೆಯಿದ್ದ ನಮ್ಮ ಅತ್ತೆ ಕೂಡ ಹಾಗೆಯೇ ಕರೆಯುತ್ತಿದ್ದರು.

ನಾನು ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ. ನನ್ನ ಯಜಮಾನರಿಗೆ ಮಾನ್ವಿಯ ಬ್ಯಾಂಕಿನಲ್ಲಿ ಕೆಲಸ, ಬಸ್ಸಿಗೆ ಹೋಗಿ ಬರುತ್ತಿದ್ದರು. ಡೀಸೆಲ್ ಗಾಡಿ ಗಟ್ಟಿ, ಹೆಚ್ಚು ಓಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಓಡಿಸುವವಳು ನಾನೊಬ್ಬಳೇ. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್, ಶಾಲೆಯಿಂದ ಮನೆಗೆ ಮೂರು. ಆದರೆ ಆ ಮೂರು ಕಿಲೋಮೀಟರಿನಲ್ಲಿ ನನ್ನಷ್ಟು ದೊಡ್ಡವರು ಊರಲ್ಲಿ ಯಾರೂ ಇರಲಿಲ್ಲ! ಆಟೋಕ್ಕಾಗಿ ಬಿಸಿಲಲ್ಲಿ ನಿಂತು ಕೈ ಅಡ್ಡ ಹಾಕಿದ ಇಪ್ಪತ್ತು ವರ್ಷದ ಸಿಟ್ಟೆಲ್ಲ ಅಲ್ಲೇ ಇಳಿದುಹೋಗುತ್ತಿತ್ತು.

ಒಂದು ದಿನ ಸ್ಟೀರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿತು. ಡಬ್ಬಿಯಂಥ ಚಿತ್ರ, ಒಳಗೆ ಚುಕ್ಕಿಗಳು. ಗಾಡಿ ಚೆನ್ನಾಗಿಯೇ ಓಡುತ್ತಿದ್ದುದರಿಂದ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅಂಗಡಿಯ ಮುಂದೆ ನಿಲ್ಲಿಸಿ ಖಾಲಮ್ಮನನ್ನು ಕರೆದೆ. ಅವರು ಕಿಟಕಿಯಿಂದ ತಲೆ ಒಳಗೆ ಹಾಕಿ ನೋಡಿ ನಕ್ಕರು.

"ಇದು ಮಸಿ ದೀಪ, ಟೀಚರಮ್ಮ. ನಿಮ್ಮ ಗಾಡಿಗಿ ಬ್ಯಾನಿ ಏನೂ ಇಲ್ಲ. ಎದಿ ಕಟ್ಟ್ಯದ, ಅಷ್ಟೇ."

ಆಮೇಲೆ ಮೂರನೇ ತರಗತಿಯ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಡೀಸೆಲ್ ಹೊಗೆಯಲ್ಲಿ ಮಸಿ ಇರುತ್ತದೆ. ಅದು ಹೊರಗೆ ಬರಬಾರದೆಂದು ಹೊಸ ಗಾಡಿಗಳ ಹೊಗೆಕೊಳವೆಯಲ್ಲಿ ಜೇನುಗೂಡಿನಂಥ ಒಂದು ಜರಡಿ ಇಟ್ಟಿರುತ್ತಾರೆ. ಗಾಡಿ ದೂರ ಓಡಿದಾಗ ಆ ಜರಡಿ ಕಾದು ಕೆಂಪಾಗಿ, ಹಿಡಿದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ನನ್ನ ಮೂರು ಕಿಲೋಮೀಟರಿನಲ್ಲಿ ಅದು ಬೆಚ್ಚಗಾಗುವುದರೊಳಗೆ ಶಾಲೆಯೇ ಬಂದುಬಿಡುತ್ತಿತ್ತು.

"ಊರಾಗ ತಿರುಗಾಕ ಡೀಸೆಲ್ ಗಾಡಿ ಯಾಕ ತಗೊಂಡ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬುರ್ಖಾ ಸರಿಪಡಿಸಿಕೊಂಡು, ಸ್ಕ್ಯಾನರನ್ನು ಎತ್ತಿಕೊಂಡು ಪಕ್ಕದ ಸೀಟಿನಲ್ಲಿ ಬಂದು ಕುಳಿತರು. "ನಡೀರಿ ದೇವದುರ್ಗಕ್ಕ. ಅರವತ್ತರ ಮ್ಯಾಲ ಇಡ್ರಿ, ಗೇರ್ ಒಂದು ಕಡಿಮಿ ಇರ್ಲಿ. ದೀಪ ಆರೋತನಾ ಎಲ್ಲೂ ನಿಲ್ಸಂಗಿಲ್ಲ."

ಅದುವರೆಗೆ ನಾನು ಊರ ಹೊರಗೆ ಗಾಡಿ ಒಯ್ದವಳೇ ಅಲ್ಲ. ಖಾಲಮ್ಮ ಸ್ಕ್ಯಾನರಿನ ವೈರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಜರಡಿಯ ಬಿಸಿ ಎಷ್ಟಾಯಿತೆಂದು ಕ್ರಿಕೆಟ್ ಸ್ಕೋರಿನಂತೆ ಕೂಗುತ್ತಾ ಹೊರಟರು. ಕಲ್ಮಲದಲ್ಲಿ ದೇವದುರ್ಗದ ರಸ್ತೆಗೆ ತಿರುಗಿದಾಗ ಮುನ್ನೂರು ಡಿಗ್ರಿ. ಹತ್ತಿ ಹೊಲಗಳ ನಡುವೆ ಐನೂರು. ಗಬ್ಬೂರು ಹತ್ತಿರವಾಗುವ ಹೊತ್ತಿಗೆ ಆರುನೂರು ಮುಟ್ಟಿತು, ಮಸಿಯ ಲೆಕ್ಕ ಇಳಿಯತೊಡಗಿತು. ಅಷ್ಟರಲ್ಲೇ ಬಸ್ ನಿಲ್ದಾಣದಲ್ಲಿ ಒಬ್ಬರು ಖಾಲಮ್ಮನನ್ನು ಗುರುತಿಸಿ ಎರಡೂ ಕೈ ಎತ್ತಿ ಬೀಸಿದರು. ಖಾಲಮ್ಮನ ಅಕ್ಕನ ಅಳಿಯ.

ನಾನು ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಲ್ಸಬ್ಯಾಡ್ರಿ!" ಎಂದು ಕಿರುಚಿದ ಖಾಲಮ್ಮ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಅಳಿಯನಿಗೆ ಕೂಗಿದರು. "ನಿಲ್ಲಾಕ ಬರಂಗಿಲ್ಲಪ್ಪೋ! ಮಸಿ ಸುಡಾಕತ್ತದ!"

ಆ ಮನುಷ್ಯ ಬಾಯಿ ತೆರೆದುಕೊಂಡು ನಿಂತದ್ದು ಕನ್ನಡಿಯಲ್ಲಿ ಕಂಡಿತು. ಮುಂದೆ ಎಷ್ಟೋ ದೂರದವರೆಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂದು ರಸ್ತೆಯೇ ಮಸುಕಾಗಿತ್ತು. ದೇವದುರ್ಗ ಇನ್ನೂ ಐದಾರು ಕಿಲೋಮೀಟರ್ ಇರುವಾಗ ದೀಪ ಟಪ್ಪನೆ ಆರಿತು. ನಾನು ಖುಷಿಗೆ ರಸ್ತೆ ಬದಿಗೆ ಇಳಿಸಲು ಹೋದರೆ ಖಾಲಮ್ಮ ಮತ್ತೆ ತಡೆದರು. ಅಲ್ಲಿ ಯಾರೋ ಕಣಿಕೆ, ಅಂದರೆ ಜೋಳದ ಒಣ ದಂಟು, ಹರವಿದ್ದರು. "ಕೆಳಗ ಬೆಂಕಿಯಂಗ ಕಾದದ. ಒಣಾ ಕಣಿಕಿ ಮ್ಯಾಲ ನಿಲ್ಸಿದ್ರ ಗಾಡಿನೂ ಹೋತು, ಆ ಬಡವನ ಕಣಿಕಿನೂ ಹೋತು."

ಊರೊಳಗೆ ಹೋಗಿ ಹೋಟೆಲಿನಲ್ಲಿ ಮಂಡಕ್ಕಿಯ ಮಂಡಾಳ ವಗ್ಗರಣಿ, ಮಿರ್ಚಿ ಭಜಿ ತಿನ್ನುತ್ತಿದ್ದಾಗ, ನಮ್ಮ ಹಿಂದೆಯೇ ಬಂದ ಬಸ್ಸಿನಿಂದ ಅಳಿಯ ಇಳಿದರು. ಟೀಚರಮ್ಮ ಯಾರನ್ನೋ ಗುದ್ದಿ ಓಡಿಹೋಗುತ್ತಿದ್ದಾರೆಂದು ತಿಳಿದು ಅಷ್ಟರಲ್ಲಾಗಲೇ ನಾಲ್ಕು ಮನೆಗೆ ಫೋನ್ ಮಾಡಿದ್ದರು. ಅವರಿಗೂ ಒಂದು ಪ್ಲೇಟ್ ಮಿರ್ಚಿ ತರಿಸಿ ಸಮಾಧಾನ ಮಾಡಬೇಕಾಯಿತು.

ಇಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಭಾನುವಾರಕ್ಕೊಮ್ಮೆ ಕಲ್ಮಲ ದಾಟಿ ಹೋಗಿಬರುವುದನ್ನೂ ರೂಢಿ ಮಾಡಿಕೊಂಡಿದ್ದೆ. ಆದರೆ ತಿಂಗಳೊಳಗೆ ಮಸಿ ದೀಪ ಮತ್ತೆ ಹತ್ತಿತು. ಈ ಸಲ ಜೊತೆಗೆ ಎಂಜಿನ್ನಿನ ಚಿತ್ರದ ದೀಪವೂ ಹತ್ತಿ ಮಿಣುಕತೊಡಗಿತು. ಆ ಚಿತ್ರ ಕಾವಿಗೆ ಕೂತ ಕೋಳಿಯಂತೆ ಕಾಣುತ್ತದೆಂದು ಖಾಲಮ್ಮ ಅದನ್ನು ಕೋಳಿ ದೀಪ ಎನ್ನುತ್ತಿದ್ದರು. ಗಾಡಿಯ ಶಕ್ತಿ ಸೋರಿಹೋಗಿ, ಎಷ್ಟು ಒತ್ತಿದರೂ ಎತ್ತಿನ ಬಂಡಿಯಂತೆ ತೆವಳತೊಡಗಿತು. ಖಾಲಮ್ಮ ಆ ವಾರ ಮಾನ್ವಿಯ ಮಗಳ ಮನೆಗೆ ಹೋಗಿದ್ದರು. ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದರೆ ಅಲ್ಲಿಯವರು ಜರಡಿಯೇ ಹೋಗಿದೆ, ಇಡಿಯಾಗಿ ಬದಲಿಸಬೇಕು ಎಂದರು. ಅವರು ಹೇಳಿದ ದರ ಕೇಳಿ ಯಜಮಾನರು ಕುರ್ಚಿಯಿಂದ ಎದ್ದೇ ಬಿಟ್ಟರು.

ಅವರ ಗೆಳೆಯರೊಬ್ಬರು ಬೇರೊಂದು ದಾರಿ ತೋರಿಸಿದರು. ಜರಡಿಯನ್ನು ಕತ್ತರಿಸಿ ತೆಗೆದು ಬರೀ ಕೊಳವೆ ಹಾಕಿಸಿ, ದೀಪ ಹತ್ತದಂತೆ ಕಂಪ್ಯೂಟರಿಗೆ ಸುಳ್ಳು ಹೇಳಿಸುವುದು. ಒಂದೇ ದಿನದ ಕೆಲಸವಂತೆ. ಯಜಮಾನರು ಅದಕ್ಕೂ ಮನಸ್ಸು ಮಾಡದೆ ಗಿಲ್ಲೆಸುಗೂರಿನ ಒಬ್ಬರಿಗೆ ಗಾಡಿ ಮಾರುವ ಮಾತಾಡಿದರು. ಸೋಮವಾರ ನೋಡಲು ಬರುವವರಿದ್ದರು. "ನಿನಗ ಓಡ್ಸಾಕ ಬರಲಿಲ್ಲ, ಅದಕ್ಕ ಹಿಂಗಾತು" ಎಂದರು. ಜಗಳಕ್ಕೆ ಅಂದದ್ದಲ್ಲ, ದರದ ಹೆದರಿಕೆಗೆ ಅಂದದ್ದು. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮತ್ತೆ ಬಿಸಿಲಲ್ಲಿ ನಿಂತು ಆಟೋಕ್ಕೆ ಕೈ ಅಡ್ಡ ಹಾಕುವ ನನ್ನನ್ನು ನಾನೇ ನೋಡಿದಂತಾಗುತ್ತಿತ್ತು.

ಸುದ್ದಿ ತಿಳಿದು ಭಾನುವಾರ ಬೆಳಿಗ್ಗೆ ಖಾಲಮ್ಮ ಮಾನ್ವಿಯಿಂದ ಬಂದವರು ಚೀಲ ಕೂಡ ಮನೆಯಲ್ಲಿಡದೆ ನೇರವಾಗಿ ನಮ್ಮ ಅಂಗಳಕ್ಕೆ ಬಂದರು. ಗೆಳೆಯರೂ ಅಲ್ಲೇ ಇದ್ದರು, ಜರಡಿ ಕತ್ತರಿಸುವ ಮಾತನ್ನು ಮತ್ತೆ ಎತ್ತಿದರು. ಖಾಲಮ್ಮನ ಮುಖದ ನಗು ಆರಿತು. ಅವರನ್ನು ನಾನು ಹಾಗೆ ನೋಡಿದ್ದು ಅದೊಂದೇ ಸಲ.

"ನಮ್ಮ ಮನಿಯವ್ರು ಮೂವತ್ತು ವರ್ಷ ಡೀಸೆಲ್ ಹೊಗಿ ಕುಡದ್ರು, ಸಾಹೇಬ್ರ" ಎಂದರು ಮೆಲ್ಲಗೆ. "ಆಗ ಈ ಜರಡಿ ಇರಲಿಲ್ಲ. ಮಸಿ ಎಲ್ಲಿ ಹೋಗಿ ಕುಂತಿತ್ತು, ಕಡೀಕ ಡಾಕ್ಟರ್ ಎದಿ ಫೋಟೋ ತೆಗೆದು ತೋರ್ಸಿದ್ರು. ಟೀಚರಮ್ಮನ ಗಾಡಿ ದಿನಾ ಸಾಲಿ ಮುಂದ ನಿಲ್ತದ. ಹುಡುಗ್ರು ಇರ್ತಾವ ಅಲ್ಲಿ."

ಗೆಳೆಯರು ಚಹಾದ ಕಪ್ಪನ್ನು ಕೆಳಗಿಟ್ಟು, ತಾವೇ ಎದ್ದು ಬಾನೆಟ್ ಎತ್ತಿದರು.

ಅಂಗಡಿಯಿಂದ ಸ್ಕ್ಯಾನರ್ ತರಿಸಿ ಹಚ್ಚಿ ನೋಡಿದ ಖಾಲಮ್ಮನಿಗೆ ಅನುಮಾನ ಬಂತು. ಗಾಡಿ ನಿಂತಿದೆ, ಎಂಜಿನ್ ಬಂದಾಗಿದೆ, ಜರಡಿಯ ಹಿಂದು ಮುಂದಿನ ಒತ್ತಡದ ವ್ಯತ್ಯಾಸ ಸೊನ್ನೆ ಇರಬೇಕು, ಇದೆ. ಆದರೆ ಎಂಜಿನ್ ಚಾಲೂ ಮಾಡಿದರೆ ಅಂಕಿ ಹುಚ್ಚುಹುಚ್ಚಾಗಿ ಕುಣಿಯುತ್ತದೆ. "ಜರಡಿ ಕಟ್ಟಿದ್ರ ಅಂಕಿ ಏರಿ ಕುಂದರ್ತದ, ಹಿಂಗ ಕುಣಿಯಂಗಿಲ್ಲ" ಎಂದರು. ಆ ಒತ್ತಡ ಅಳೆಯುವ ಸೆನ್ಸರಿಗೆ ಹೋಗುವ ಎರಡು ಸಣ್ಣ ರಬ್ಬರ್ ಪೈಪುಗಳಿರುತ್ತವೆ. ಎಂಜಿನ್ ಬಂದ್ ಮಾಡಿಸಿ, ತಣ್ಣಗಾಗುವ ತನಕ ಚಹಾ ಕುಡಿದು, ಆಮೇಲೆ ಬಳೆ ತೆಗೆದಿಟ್ಟು ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದರು. ಕಣ್ಣು ಮುಚ್ಚಿ ಬೆರಳಲ್ಲೇ ತಡಕಿದರು. ಸ್ವಲ್ಪ ಹೊತ್ತಿಗೆ ಮುಖ ಅರಳಿತು.

"ಸಿಕ್ತು ನೋಡ್ರಿ!"

ಹೊರಬಂದದ್ದು ಕಿರುಬೆರಳಿನಷ್ಟು ದಪ್ಪದ ಪೈಪು. ನಮ್ಮ ರಾಯಚೂರಿನ ಬಿಸಿಲಿಗೂ ಎಂಜಿನ್ನಿನ ಕಾವಿಗೂ ಸಿಕ್ಕು ಒಂದು ಕಡೆ ಸೀಳಿತ್ತು. ಜರಡಿಯಲ್ಲಿ ಏನೂ ಕೆಟ್ಟಿರಲಿಲ್ಲ. ಸೀಳಿದ ಪೈಪು ತಪ್ಪು ಸುದ್ದಿ ಕೊಡುತ್ತಿತ್ತು, ಕಂಪ್ಯೂಟರ್ ಅದನ್ನು ನಂಬಿ ಹೆದರಿ ಗಾಡಿಯ ಕಾಲು ಕಟ್ಟಿತ್ತು. ಖಾಲಮ್ಮ ಅಂಗಡಿಯಿಂದ ಬಿಸಿ ತಡೆಯುವ ಹೊಸ ಪೈಪು ತಂದು ಹಾಕಿ, ಹಳೆಯ ದೂರುಗಳನ್ನು ಸ್ಕ್ಯಾನರಿನಿಂದ ಅಳಿಸಿ, ಎಂಜಿನ್ ಆಯಿಲ್ ಅಳೆದು ನೋಡಿ, "ಈಗ ಒಂದು ಸುತ್ತು ಹೋಗಿ ಬರ್ರಿ. ಈ ಸಲ ಯಜಮಾನ್ರನ್ನೂ ಕರ್ಕೊಂಡು ಹೋಗ್ರಿ" ಎಂದರು.

ಹೋದೆವು. ಕೋಳಿ ಮತ್ತೆ ಕಾಣಲಿಲ್ಲ. ಮಸಿ ದೀಪವೂ ಅರ್ಧ ದಾರಿಯಲ್ಲಿ ಆರಿತು. ಗಾಡಿ ಹಾರುತ್ತಿತ್ತು. ವಾಪಸು ಬರುವಾಗ ಯಜಮಾನರು, "ನೀ ಚಲೋ ಓಡಿಸ್ತಿ" ಎಂದರು. ಅಷ್ಟೇ ಅಂದದ್ದು. ಸೋಮವಾರ ಸಂಜೆ ಗಿಲ್ಲೆಸುಗೂರಿನವರು ಬಂದೇ ಬಂದರು, ಫೋನ್ ಮಾಡಿ ಬೇಡವೆನ್ನುವುದನ್ನು ನಾವಿಬ್ಬರೂ ಮರೆತಿದ್ದೆವು. ಅವರನ್ನು ಊಟಕ್ಕೆ ಕೂರಿಸಿದೆವು. ಖಾಲಮ್ಮನೂ ಬಂದು, ದಿನಕ್ಕೆಷ್ಟು ದೂರ ಓಡಿಸುತ್ತೀರಿ ಎಂದು ಅವರನ್ನು ವಿಚಾರಿಸಿ, ನಿಮಗೆ ಪೆಟ್ರೋಲ್ ಗಾಡಿಯೇ ಸರಿ ಎಂದು ಒಪ್ಪಿಸಿ ಕಳಿಸಿದರು.

ಅದಾದ ಮೇಲೆ ಖಾಲಮ್ಮನ ಬಾಯಲ್ಲಿ ನಾನು ಟೀಚರಮ್ಮ ಹೋಗಿ 'ಬೇಟಿ', ಅಂದರೆ ಮಗಳು, ಆದೆ. ಒಂದು ದಿನ ಕೇಳಿದೆ, "ಖಾಲಮ್ಮ, ಇಷ್ಟೆಲ್ಲಾ ತಿಳಿದದ, ನೀವ್ಯಾಕ ಓಡ್ಸಂಗಿಲ್ಲ?" ಯಾರೂ ಕಲಿಸಲಿಲ್ಲ, ತಾವೂ ಕೇಳಲಿಲ್ಲ ಎಂದರು. ನಾನೇ ಕಲಿಸಿದೆ. ಬ್ರೇಕ್ ಹಾಕುವಾಗಲೆಲ್ಲ "ಯಾ ಅಲ್ಲಾ" ಎನ್ನುತ್ತಿದ್ದರು, ಹಾಕಿದ್ದು ತಾವೇ ಆದರೂ! ಲೈಸೆನ್ಸ್ ಬಂದ ವಾರ ಮಾನ್ವಿಯಿಂದ ಮಲ್ಲಟದವರೆಗೆ ಅವರೇ ಓಡಿಸಿದರು. ದಾರಿಯುದ್ದಕ್ಕೂ ಎದುರು ಬಂದ ಪ್ರತಿ ಲಾರಿಗೂ ಸಲಾಮು ಹೊಡೆದರು.

ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಖಾಲಮ್ಮ ತೀರಿಕೊಂಡರು. ಹೃದಯಾಘಾತ. ಮಧ್ಯಾಹ್ನ ಅಂಗಡಿಯಲ್ಲಿ ಕುಳಿತಲ್ಲೇ... ನಾನು ಆಗ ಐದನೇ ತರಗತಿಯಲ್ಲಿ ಗಣಿತ ಹೇಳುತ್ತಿದ್ದೆ. ಸುದ್ದಿ ಬಂದಾಗ ಅರ್ಧ ಲೆಕ್ಕ ಬೋರ್ಡಿನ ಮೇಲೆಯೇ ಉಳಿಯಿತು. ಮಗಳು ಅಂಗಡಿಯ ಸಾಮಾನನ್ನೆಲ್ಲ ಮಾನ್ವಿಗೆ ಒಯ್ದಳು. ಈಗ ಆ ಜಾಗದಲ್ಲಿ ಒಬ್ಬ ದರ್ಜಿ ಕೂರುತ್ತಾನೆ.

ನಿನ್ನೆ ನಾನು ಅದುವರೆಗೆ ಕಂಡಿರದ ದೀಪವೊಂದು ಹತ್ತಿತು. ಗಾಡಿಯ ಪುಸ್ತಕ ತೆಗೆದು ಓದಿದೆ. ಡೀಸೆಲ್ಲಿನಲ್ಲಿ ನೀರು ಸೇರಿತ್ತು. ಅದರಲ್ಲಿ ಬರೆದಂತೆ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ, ನೀರನ್ನು ಗಾಜಿನ ಬಾಟಲಿಗೆ ಇಳಿಸಿದೆ. ದೀಪ ಆರಿತು. ಯಾರ ಸಹಾಯವೂ ಇಲ್ಲದೆ! ಬಾಟಲಿ ಹಿಡಿದುಕೊಂಡು ಖುಷಿಯಲ್ಲಿ ಓಣಿಯ ತಿರುವಿನವರೆಗೆ ನಡೆದೇ ಬಿಟ್ಟಿದ್ದೆ.

"ಏನರೆ ಹೊಲಿಯೋದು ಇತ್ತೇನ್ರಿ?" ಎಂದ ದರ್ಜಿ ಮಿಷನ್ನಿನಿಂದ ತಲೆ ಎತ್ತಿ.

ಸುಳ್ಳು ಹೇಳಲು ತೋಚಲಿಲ್ಲ. ಖಾಲಮ್ಮನಿಗೆ ತೋರಿಸಲು ಬಂದಿದ್ದೆ ಎಂದೆ. ಅವನು ಮಿಷನ್ ನಿಲ್ಲಿಸಿದ. ಬಾಟಲಿಯನ್ನು ಈಸಿಕೊಂಡು ಬೆಳಕಿಗೆ ಹಿಡಿದು, ಕೆಳಗೆ ನಿಂತ ನೀರನ್ನು, ಮೇಲೆ ತೇಲಿದ ಡೀಸೆಲ್ಲನ್ನು ನೋಡುತ್ತಾ ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದ. "ಚಲೋ ಮಾಡೀರಿ ಬಿಡ್ರಿ" ಎಂದ.

ಖಾಲಮ್ಮನಾಗಿದ್ದರೆ ಮೊದಲು, ತಿರುಪು ಬಿಗಿಯಾಗಿ ಹಾಕಿದಿಯೇನು ಎಂದು ಕೇಳುತ್ತಿದ್ದರು. ಮನೆಗೆ ಬಂದವಳು ಬಾನೆಟ್ ಎತ್ತಿ ತಿರುಪನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ.