ಬೇವಿಗೆ ಹೊಡೆದ ಚಾಟ್ನಿ

ಟಿಕೋಟಾ, ಬಬಲೇಶ್ವರ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಭಾಗಪ್ಪನ ಕತ್ತರಿಗೆ ಹೆಸರಿದೆ. ಅಕ್ಟೋಬರ್ ಬಂತೆಂದರೆ ಬಳ್ಳಿ ಕತ್ತರಿಸುವ ಕೆಲಸ ಶುರು. ಇಲ್ಲಿನವರು ಅದನ್ನು ಚಾಟ್ನಿ ಎನ್ನುತ್ತಾರೆ. ಚಿಗುರೊಡೆಯುವ ಕಣ್ಣಿನ ಮೇಲೆ ಅರ್ಧ ಬೆರಳು ಬಿಟ್ಟು, ಓರೆಯಾಗಿ, ಒಂದೇ ಪೆಟ್ಟಿಗೆ ಕತ್ತರಿಸುವುದು ಅವನ ರೀತಿ. ಆ ಕೂಲಿಯಲ್ಲೇ ಮಗಳು ವಿಶಾಖಾ ಕೀಟಶಾಸ್ತ್ರ ಓದಿದಳು. ಆ ಮನೆತನದಲ್ಲಿ ಕಾಲೇಜಿಗೆ ಹೋದವಳು ಅವಳೇ ಮೊದಲು. ಹೊರದೇಶದಿಂದ ಬಂದು ಪಪ್ಪಾಯಿಗೆ ಅಂಟಿಕೊಂಡ ಹಿಟ್ಟುತಿಗಣೆಯ ಬಗ್ಗೆ ಎರಡು ವರ್ಷ ಕೆಲಸ ಮಾಡಿದಳು. ಈಗ ವಿಜಯಪುರದಲ್ಲಿ ಬೇವಿನ ಮರ ಒಣಗಿಸುವ ಕೀಟದ ಹಿಂದೆ ಬಿದ್ದಿದ್ದಾಳೆ.

ತಾಯಿ ಪರಸವ್ವನಿಗೆ ಇದು ನೌಕರಿಯೇ ಅಲ್ಲ. “ಮಂದಿ ಮಕ್ಕಳು ಫ್ಯಾನಿನ ಬುಡಕ ಕುಂತಾರ. ನಮ್ಮಾಕಿ ಗಿಡಾ ಏರಿ ಹುಳಾ ಎಣಸಾಕತ್ತಾಳ” ಎನ್ನುತ್ತಾಳೆ.

ಹೋದ ಡಿಸೆಂಬರಿನಲ್ಲಿ ಅಥಣಿ ರಸ್ತೆಯ ಒಂದು ಹೊಸ ಲೇಔಟಿನ ಮುಂದೆ ಹದಿನೆಂಟು ಬೇವಿನ ಮರಗಳು ಸುಟ್ಟಂತೆ ಕಂದಿದವು. ಮರ ಸತ್ತಿವೆ, ಕಡಿಯಲು ಅನುಮತಿ ಕೊಡಿ ಎಂದು ಲೇಔಟ್ ಮಾಲೀಕ ಸಾಬಣ್ಣ ಅರಣ್ಯ ಇಲಾಖೆಯ ಕಚೇರಿಗೆ ಅರ್ಜಿ ಹಾಕಿದ. ಕಚೇರಿಯವರು ಕೀಟ ತಜ್ಞರ ವರದಿ ಕೇಳಿದ್ದರಿಂದ ವಿಶಾಖಾ ಏಣಿ ಹಿಡಿದು ಅಲ್ಲಿಗೆ ಹೋದಳು.

ಎಳೆಯ ತುದಿಗಳ ಮೇಲೆ ಟೀ ಸೊಳ್ಳೆ ಎಂಬ ತಿಗಣೆ ರಸ ಹೀರಿದ ಕಂದು ಚುಕ್ಕೆಗಳಿದ್ದವು. ರಸ್ತೆಯ ಆಚೆ ಬದಿಯ ಬೇವುಗಳಲ್ಲಿ ಅಷ್ಟು ರೋಗವಿರಲಿಲ್ಲ. ಯಾಕೆ ಎಂದು ಕೊಂಬೆ ಹಿಡಿದು ನೋಡಿದಳು. ಈ ಬದಿಯ ಪ್ರತಿ ಕೊಂಬೆಯಲ್ಲೂ ಹಳೆಯ ಗಾಯವಿತ್ತು: ಓರೆ, ಒಂದೇ ಪೆಟ್ಟು, ಕಣ್ಣಿನ ಮೇಲೆ ಅರ್ಧ ಬೆರಳು. ಇನ್ನೆರಡು ಕೊಂಬೆ ಎಳೆದು ನೋಡಿದಳು; ಅಲ್ಲೂ ಅಪ್ಪನ ಕತ್ತರಿಯ ಗುರುತೇ.

“ಮೇಡಮ್ಮಾರ, ಸತ್ತಾವ ಅಂತ ಒಂದ್ ಸಾಲು ಬರದ ಬಿಡ್ರಿ. ಗೇಟ್ ಕುಂಡ್ರಸೂದೈತಿ” ಎಂದ ಸಾಬಣ್ಣ.

ಅವಳು ಇಳಿದು ಬಂದು ಚಾಕುವಿನಿಂದ ತೊಗಟೆ ಕೆರೆದಳು. “ಸತ್ತಿಲ್ರಿ. ಒಳಗ ಹಸರ ಐತಿ ನೋಡ್ರಿ. ಬ್ಯಾಸಗಿಗೆ ಚಿಗಿತಾವ. ಅಕ್ಟೋಬರದಾಗ ಇವುಗಳ ಟೊಂಗಿ ಕಡಿಸಿದವ್ರು ಯಾರು?”

“ನಾನ ಕಡಿಸೇನಿ, ಬೋರ್ಡ್ ಕಾಣವಲ್ದಾಗಿತ್ತು. ಕಡದಾವ ಯಾರಂತ ನಿಮ್ಮಪ್ಪನ್ನ ಕೇಳ್ರಿ” ಎಂದು ಸಾಬಣ್ಣ ನಕ್ಕ. “ಸರಕಾರಿ ಮರಾ. ನನ್ನ ಹೆಸರು ಬರದ್ರ ಅವನ ಹೆಸರೂ ಬರತೈತಿ. ವಿಚಾರ ಮಾಡ್ರಿ.”

ಸಂಜೆ ಮನೆಯಲ್ಲಿ ಅವಳು ನೇರವಾಗಿ ಕೇಳಿದಳು. ಭಾಗಪ್ಪ ಮುಚ್ಚಿಡಲಿಲ್ಲ. “ದ್ರಾಕ್ಷಿಗೆ ಅಕ್ಟೋಬರದಾಗ ಹೊಡಿತೇವಿ. ಬೇವಿಗೂ ಹಂಗ ಹೊಡದೆ. ಚೊಲೊ ಚಿಗೀಲಿ ಅಂತ.”

“ಚೊಲೊನ ಚಿಗಿತು ಯಪ್ಪಾ. ಹುಳಾ ಬರೂ ಹೊತ್ತಿಗೆ ಸರಿಯಾಗಿ ಎಳಿ ಚಿಗುರು ಬಂತು. ಆಚಿ ಕಡೆ ಗಿಡದಾಗ ಬಲತ ಎಲಿ ಇದ್ವು, ಅದಕ ಅವು ಉಳದಾವ.”

“ಯಾರೋ ಕಡದಾರ ಅಂತ ಬರಿ, ಮುಗೀತು” ಎಂದಳು ಪರಸವ್ವ.

“ಯಾರೋ ಅಂದ್ರ ಯಾರೂ ಅಲ್ಲ ಅಂದಂಗ. ನಾಳೆ ಇನ್ನೊಬ್ಬಾವ ಕತ್ತರಿ ಹಿಡಕೊಂಡು ಹೋಗತಾನ” ಎಂದ ಭಾಗಪ್ಪ. “ಹದಿನೆಂಟೂ ನಾನ ಕಡದೇನಿ, ಕಡಿಸಿದಾವ ಸಾಬಣ್ಣ. ಎರಡೂ ಬರಿ. ನಾನೂ ಬರತೇನಿ.”

ಮರುದಿನ ಕಚೇರಿಯ ಗುಮಾಸ್ತರು ವರದಿ ಓದಿ ಕನ್ನಡಕ ತೆಗೆದರು. “ತಂಗಿ, ಸ್ವಂತ ಅಪ್ಪನ ಮ್ಯಾಲ ಯಾರರ ಬರೀತಾರನ? ಈ ಹಾಳಿ ತಗದ ಬಿಡು.”

“ಆ ಹಾಳಿ ತಗದ್ರ ರೋಗದ ಕಾರಣಾನ ಹೋಗತೈತ್ರಿ. ಕಾರಣ ಹೋದ್ರ ಮರಾ ಹೋಗತಾವ. ಇದ್ದಂಗ ತಗೋರಿ, ಸಿಕ್ಕಾ ಹಾಕಿ ಒಂದ್ ಪ್ರತಿ ಕೊಡ್ರಿ.”

ಗುಮಾಸ್ತರು ಮಗಳ ಜೊತೆ ಬಂದಿದ್ದ ಭಾಗಪ್ಪನ ಕಡೆ ನೋಡಿದರು. “ಹಾಕ್ರಿ ಸಾಹೇಬ್ರ” ಎಂದ ಅವನು. “ಓದಿಸಿದ್ದು ಸುಳ್ಳ ಬರೀಲಿ ಅಂತಲ್ಲ.”

ಕಡಿಯುವ ಅನುಮತಿ ಸಿಗಲಿಲ್ಲ. ಸಾಬಣ್ಣನಿಗೂ ಭಾಗಪ್ಪನಿಗೂ ನೋಟಿಸು ಬಂತು. ಸಾಬಣ್ಣನ ಗೆಳೆಯರ ಎರಡು ತೋಟಗಳವರು ಮುಂದಿನ ಚಾಟ್ನಿಗೆ ಬರಬೇಡ ಎಂದು ಭಾಗಪ್ಪನಿಗೆ ಹೇಳಿ ಕಳಿಸಿದರು. ಅವನು ಕನಮಡಿ ಕಡೆ ಕೆಲಸ ಹಿಡಿದ.

ಮಾರ್ಚ್ ಮೊದಲ ವಾರದಲ್ಲಿ ವಿಶಾಖಾ ಹೋಗಿ ಎಣಿಸಿದಳು. ಹದಿನೇಳು ಮರ ಚಿಗುರಿದ್ದವು. ಒಂದು ಬುಡದವರೆಗೂ ಒಣಗಿತ್ತು. ಎಲ್ಲವೂ ಚಿಗುರುತ್ತವೆ ಎಂದು ಬರೆದದ್ದು ತನ್ನ ತಪ್ಪು, ಅದೊಂದನ್ನು ಕಡಿಯಬಹುದು ಎಂದು ಬರೆದು, ಸಹಿ ಹಾಕಿ, ಅದೇ ಗುಮಾಸ್ತರ ಮುಂದಿಟ್ಟಳು.